ಹುಬ್ಬೇರದ ಹೂಂ

ಪ್ರೊಸಿಂಗಕ್ಕನನ್ನು ಅವಳ ಗಂಡ ನಾಲ್ಕು ಸಲ ಕೇಳಿ ಮದುವೆಯಾದ. ತಪ್ಪು ಅವನದಲ್ಲ. ಉತ್ತರದ ಇಲೊಕಾನೊ ಜನ, ನಮ್ಮ ಸೆಬು ದ್ವೀಪದ ರೀತಿ ರಿವಾಜು ಅವನಿಗೇನು ಗೊತ್ತು? ಮೊದಲ ಸಲ ದೊಡ್ಡಪ್ಪ ಚಿಕ್ಕಪ್ಪಂದಿರನ್ನು ಕಟ್ಟಿಕೊಂಡು, ಸುಟ್ಟ ಹಂದಿ ಹೊರಿಸಿಕೊಂಡು ಹೆಣ್ಣು ಕೇಳಲು ಬಂದಾಗ ಅವಳು ನೆಲ ನೋಡುತ್ತ “ನೋಡೋಣ” ಅಂದಳು. ನಮ್ಮ ಕಡೆ ‘ನೋಡೋಣ’ ಅಂದರೆ ಮಾತು ಮುಗಿಯಿತು, ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕು. ಈ ಪುಣ್ಯಾತ್ಮ, ಪಾಪ ನೋಡಲಿ ಅಂತ ಒಂದು ತಿಂಗಳು ಬಿಟ್ಟು ಮತ್ತೆ ಬಂದ. ಎರಡನೇ ಸಲ “ಮಳೆ ನಿಲ್ಲಲಿ” ಅಂದಳು. ಮೂರನೇ ಸಲ “ಅಮ್ಮನ್ನ ಕೇಳ್ಬೇಕು” ಅಂದಳು; ಅಮ್ಮ ಪಕ್ಕದಲ್ಲೇ ಕೂತಿದ್ದಳು. ನಾಲ್ಕನೇ ಸಲ ಅವನು ಅಂಗಳಕ್ಕೆ ಕಾಲಿಟ್ಟಾಗ ಅವಳಿಗೇ ಅಯ್ಯೋ ಅನ್ನಿಸಿತು. “ಇವನಿಗೆ ಬೇಡ ಅನ್ನೋದನ್ನ ಅರ್ಥ ಮಾಡಿಸೋದಕ್ಕಿಂತ ಕಟ್ಕೊಳ್ಳೋದೇ ಸುಲಭ ಕಣೇ” ಅಂತ ತಂಗಿಯ ಹತ್ತಿರ ಹೇಳಿ ಒಪ್ಪಿಕೊಂಡಳು. ಅವನು ತೀರಿಕೊಳ್ಳುವವರೆಗೆ ಇಪ್ಪತ್ತಾರು ವರ್ಷ ಚೆನ್ನಾಗಿಯೇ ಬಾಳಿದರು ಅನ್ನಿ.

ಹೀಗೆ ಜನ್ಮದಲ್ಲಿ ಒಬ್ಬರಿಗೂ ಒಲ್ಲೆ ಅನ್ನದವಳ ಹೊಟ್ಟೆಪಾಡು ಏನಪ್ಪಾ ಅಂದರೆ, ಬೇರೆಯವರ ಇಲ್ಲ, ಅಲ್ಲ, ಬೇಡಗಳನ್ನು ಇಂಗ್ಲಿಷಿಗೆ ತಿರುಗಿಸುವುದು. ಊರಿನ ಕೋರ್ಟಿನಲ್ಲಿ ಅವಳು ದುಭಾಷಿ. ಜಡ್ಜು, ವಕೀಲರು, ಕಾಗದ ಪತ್ರ ಎಲ್ಲ ಇಂಗ್ಲಿಷು. ಕಟಕಟೆ ಹತ್ತುವ ಮೀನುಗಾರ, ಕೂಲಿ, ಕೋಳಿ ಸಾಕುವವ ಎಲ್ಲರದೂ ನಮ್ಮ ಬಿಸಾಯ ಭಾಷೆ. ನಡುವೆ ಒಂದು ಮರದ ಕುರ್ಚಿ, ಅದರಲ್ಲಿ ಪ್ರೊಸಿಂಗಕ್ಕ. ಪೂರ್ತಿ ಹೆಸರು ಯೂಫ್ರೊಸಿನಾ; ಆ ಹೆಸರಲ್ಲಿ ಅವಳನ್ನು ಕರೆದವರು ಪಾದ್ರಿ ಒಬ್ಬರೇ, ಅದೂ ಜ್ಞಾನಸ್ನಾನದ ದಿನ.

ಈ ಇಲ್ಲ-ಅಲ್ಲಗಳ ವಿಚಾರದಲ್ಲಿ ನಮ್ಮ ಭಾಷೆ ಜೋರು. ಸಂತೆಯಲ್ಲಿ ಮೀನು ಮುಗಿದಿದ್ದರೆ ‘ವಲಾ’, ಅಂದರೆ ಇಲ್ಲ. ನಿನ್ನೆ ಅವನು ಬಂದಿದ್ದನೇ ಅಂದರೆ ಅದೂ ‘ವಲಾ’, ಬರಲಿಲ್ಲ. ಇದು ನಿನ್ನ ದೋಣಿಯೇ ಅಂದರೆ ‘ದಿಲಿ’, ಅಲ್ಲ. ನಾಳೆ ಬರುತ್ತೀಯಾ ಅಂದರೆ ಅದೂ ‘ದಿಲಿ’, ಬರೋದಿಲ್ಲ, ಒಲ್ಲೆ. ಮುಟ್ಟಬೇಡ, ಓಡಬೇಡ, ಅಳಬೇಡ ಅನ್ನುವುದಕ್ಕೆ ‘ಆಯವ್’. ಇನ್ನು ‘ಬಾವಾಲ್’ ಅಂತ ಒಂದಿದೆ, ಕೂಡದು ಅನ್ನುವುದಕ್ಕೆ. ಅದು ಮನಿಲಾದಿಂದ ಬಂದು ಬೋರ್ಡುಗಳ ಮೇಲೆ ಕೂತ ಪೊಲೀಸರ ಮಾತು. ಆಯವ್ ಮಾತ್ರ ಅಮ್ಮಂದಿರದು. ಸಂತೆಯಲ್ಲಿ ಕಡುಬು ಮಾರುತ್ತಿದ್ದ ಪ್ರೊಸಿಂಗಕ್ಕನ ಅಮ್ಮನ ಬಾಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಆಯವ್ ಬಿಟ್ಟರೆ ಬೇರೆ ಮಾತಿಲ್ಲ. ಮುಸ್ಸಂಜೆ ಕಸ ಗುಡಿಸಬೇಡ, ಅದೃಷ್ಟ ಹೋಗುತ್ತೆ. ಒದ್ದೆ ತಲೆಯಲ್ಲಿ ಮಲಗಬೇಡ, ಕಣ್ಣು ಹೋಗುತ್ತೆ. ಒಲೆ ಮುಂದೆ ಹಾಡಬೇಡ, ಮುದಿ ವಿಧುರ ಗಂಟು ಬೀಳುತ್ತಾನೆ. ದೊಡ್ಡವರಿಗೆ ಎದುರಾಡಬೇಡ. ಈ ಕೊನೆಯದಕ್ಕೆ ಕಾರಣ ಹೇಳುತ್ತಿರಲಿಲ್ಲ, ಬೆನ್ನಿಗೆ ಒಂದು ಬೀಳುತ್ತಿತ್ತು ಅಷ್ಟೆ.

ಇಂಗ್ಲಿಷಿನವರಿಗೆ ಇಷ್ಟೆಲ್ಲ ಕಷ್ಟವಿಲ್ಲ, ಒಂದು ‘ನೋ’, ಒಂದು ‘ನಾಟ್’, ಅದರಲ್ಲೇ ಸಂಸಾರ ತೂಗಿಸುತ್ತಾರೆ. ಪ್ರೊಸಿಂಗಕ್ಕ ಹೊಸದರಲ್ಲಿ ಶಾಲೆ ಮಕ್ಕಳ ನೋಟ್‌ಬುಕ್ಕೊಂದರಲ್ಲಿ ಎಡಕ್ಕೆ ನಮ್ಮ ಮಾತು, ಬಲಕ್ಕೆ ಇಂಗ್ಲಿಷು ಬರೆದು ಬಾಯಿಪಾಠ ಮಾಡಿದಳು. ಆರು ತಿಂಗಳಲ್ಲಿ ಅವಳ ತರ್ಜುಮೆ ಎಷ್ಟು ಪಳಗಿತು ಅಂದರೆ ಸಾಕ್ಷಿಯ ಬಾಯಿ ಮುಚ್ಚುವುದರೊಳಗೆ ಇಂಗ್ಲಿಷು ಹೊರಗೆ ಬಂದಿರುತ್ತಿತ್ತು. ಆಗಿನ ಮುದಿ ಜಡ್ಜು ಅವಳಿಗೆ ಒಂದೇ ಪಾಠ ಹೇಳಿಕೊಟ್ಟಿದ್ದರು: “ಕೇಳಿದ್ದನ್ನ ಹೇಳು. ಸೇರಿಸ್ಬೇಡ, ಬಿಡ್ಬೇಡ. ಅವರ ಮುಖ ನೋಡ್ಬೇಡ, ಮಾತು ನೋಡು.” ಅವಳು ಅದನ್ನು ವ್ರತದ ಹಾಗೆ ಹಿಡಿದಳು. ಬೇಡ ಅಂದಿದ್ದನ್ನು ಮಾಡದಿರುವುದು ಅವಳಿಗೆ ಅಮ್ಮನ ಕಾಲದಿಂದ ರೂಢಿ ತಾನೇ.

ಅವಳ ಇಂಗ್ಲಿಷಿನ ಮೇಲೆ ಊರಿಗೆಲ್ಲ ಹಕ್ಕು. ಒಮ್ಮೆ ಪಕ್ಕದ ಮನೆಯ ಗಂಡಸು ಬಂದು, “ಪ್ರೊಸಿಂಗಕ್ಕಾ, ನಮ್ಮ ಗೋಡೆ ಮೇಲೆ ಉಚ್ಚೆ ಹೊಯ್ಯೋರ ಕಾಟ ತಡೆಯಕ್ಕಾಗ್ತಿಲ್ಲ, ಇಂಗ್ಲಿಷಲ್ಲಿ ಗಟ್ಟಿಯಾಗಿ ಒಂದು ಬೋರ್ಡ್ ಬರ್ಕೊಡಿ” ಅಂದ. ಇವಳು ‘ದಯವಿಟ್ಟು ಇಲ್ಲಿ ಮೂತ್ರ ವಿಸರ್ಜಿಸಬಾರದಾಗಿ ಕೋರಿಕೆ’ ಅಂತ ನಾಜೂಕಾಗಿ ಬರೆದುಕೊಟ್ಟಳು. ಒಬ್ಬನೂ ನಿಲ್ಲಿಸಲಿಲ್ಲ. ಓದಲು ಹತ್ತಿರ ಹೋಗುತ್ತಿದ್ದರು, ಹೋದ ಮೇಲೆ ಬಂದ ಕೆಲಸ ಮುಗಿಸಿಯೇ ಬರುತ್ತಿದ್ದರು. “ನಿಮ್ಮ ಇಂಗ್ಲಿಷಿಂದ ಗಿರಾಕಿ ಜಾಸ್ತಿ ಆದ್ರು” ಅಂತ ಅವನು ಗೊಣಗಿದ.

ಇದೆಲ್ಲ ನಗುವ ಮಾತು. ನಗದ ಮಾತೂ ಒಂದಿದೆ, ಕಾರಿಂಗ್ ಅನ್ನುವ ಹುಡುಗಿಯದು. ಪ್ರೊಸಿಂಗಕ್ಕ ಕೆಲಸಕ್ಕೆ ಸೇರಿ ಹತ್ತು ವರ್ಷವಾಗಿತ್ತು. ಕಾರಿಂಗ್ ಗುಡ್ಡದ ಮೇಲಿನ ಹಳ್ಳಿಯವಳು, ಹದಿನೆಂಟು ತುಂಬಿತ್ತೋ ಇಲ್ಲವೋ, ದೊಡ್ಡ ಮನೆಯೊಂದರ ಕೆಲಸದಾಳು. ಒಡತಿಯ ಸರ ಕದ್ದಳು ಅಂತ ಕೇಸು. ಸರಕಾರಿ ವಕೀಲ ಒಂದರ ಮೇಲೊಂದು ಪ್ರಶ್ನೆ ಹಾಕಿದ, ಅವಳು ಕೈ ಕಟ್ಟಿ ಎಲ್ಲದಕ್ಕೂ “ಹೂಂ” ಅಂದಳು. ಪ್ರೊಸಿಂಗಕ್ಕ ಎಲ್ಲವನ್ನೂ ‘ಯೆಸ್’ ಮಾಡಿ ಕೊಟ್ಟಳು. ಎರಡು ವರ್ಷ ಶಿಕ್ಷೆ ಓದಿದರು. ಪೊಲೀಸಿನವಳು ತೋಳು ಹಿಡಿದಾಗ ಆ ಹುಡುಗಿ ಪ್ರೊಸಿಂಗಕ್ಕನ ಕಡೆ ತಿರುಗಿ, “ಅಕ್ಕಾ, ಕೇಳಿದ್ದಕ್ಕೆಲ್ಲ ಹೇಳಿದ್ನಲ್ಲ, ಇನ್ನು ಮನೆಗೆ ಹೋಗ್ಲಾ?” ಅಂತ ಕೇಳಿತು. ಸರ ಒಡತಿಯ ತಂಗಿಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಹದಿನಾಲ್ಕು ತಿಂಗಳ ಮೇಲೆ. ಅಷ್ಟರಲ್ಲಿ ಕಾರಿಂಗ್ ಜೈಲಿನಲ್ಲಿ ಜ್ವರ ಹತ್ತಿ ಹೋಗಿಬಿಟ್ಟಿದ್ದಳು. ಪ್ರೊಸಿಂಗಕ್ಕ ಒಂದು ವಾರ ಅನ್ನ ಬಿಟ್ಟಳು. ಗಂಡ, “ನೀನೇನು ಮಾಡಿದ್ದೀಯೇ? ಅವಳು ಅಂದಿದ್ದನ್ನ ಹೇಳಿದ್ದೀಯ ಅಷ್ಟೆ” ಅಂತ ಸಮಾಧಾನ ಮಾಡಿದ. ಅದೇ ಅವಳನ್ನು ಸುಡುತ್ತಿದ್ದುದು.

ಯಾಕೆಂದರೆ ನಮ್ಮವರ ಹೂಂ ಒಂದು ಥರದ್ದಲ್ಲ. ಇದನ್ನು ಯಾವ ನೋಟ್‌ಬುಕ್ಕಿನಲ್ಲಿ ಬರೆಯುತ್ತೀರಿ? ನಿಜವಾದ ಹೂಂ ಬಾಯಿಂದ ಬರುವುದೇ ಇಲ್ಲ, ಹುಬ್ಬಿನಿಂದ ಬರುತ್ತದೆ. ಊಟ ಆಯಿತಾ ಅಂದರೆ ಹುಬ್ಬು ಒಂದು ಚೂರು ಮೇಲೇಳುತ್ತದೆ, ಆಯಿತು ಅಂತ. ಬಾಯಲ್ಲಿ ಹೂಂ ಅಂದು ಹುಬ್ಬು ಎದ್ದರೆ ಮಾತು ಗಟ್ಟಿ. ಹುಬ್ಬು ಏಳದೆ, ಕಣ್ಣು ನೆಲಕ್ಕೆ ಬಿದ್ದು, ಬರೀ ಹೂಂ ಬಂತೋ, ಅದರ ಅರ್ಥ ‘ನಿಮ್ಮ ಮಾತು ಕೇಳಿಸಿತು, ನೀವು ದೊಡ್ಡವರು, ನಾನು ಜಗಳಕ್ಕೆ ಬರುವುದಿಲ್ಲ’ ಅಂತ. ಊರಿನ ಮೂರು ವರ್ಷದ ಮಗುವಿಗೂ ಇದು ಗೊತ್ತು. ಕೋರ್ಟಿನ ಕಾಗದಕ್ಕೆ ಮಾತ್ರ ಗೊತ್ತಿಲ್ಲ, ಅದಕ್ಕೆ ಹುಬ್ಬು ಬರೆಯಲು ಬರುವುದಿಲ್ಲ.

ಈಗ ಪೊರೊಯ್‌ನ ವಿಷಯಕ್ಕೆ ಬರೋಣ. ಪೊರೊಯ್ ಅರವತ್ತನಾಲ್ಕು ವರ್ಷದವನು, ತೆಂಗಿನ ಮರ ಹತ್ತಿ ಕಳ್ಳು ಇಳಿಸುವವನು. ಬೆನ್ನಿಗೆ ಬಿದಿರಿನ ಕೊಳವೆ, ಸೊಂಟಕ್ಕೆ ಕತ್ತಿ, ಮೈಯೆಲ್ಲ ಕಳ್ಳಿನ ವಾಸನೆ. ಹೆಂಡತಿ ಬಸ್ಯೋನ್‌ಗೆ ಕಣ್ಣಿಲ್ಲ; ಜೋಳದ ನುಚ್ಚು ಬೇಯಿಸಿ, ಮೀನಿನ ಮುಳ್ಳು ಬಿಡಿಸಿ, ತಟ್ಟೆ ಅವಳ ಕೈಗಿಡುವವನು ಅವನೇ. ಪ್ರೊಸಿಂಗಕ್ಕನ ಮನೆ ಬಾಗಿಲಿಗೆ ವಾರಕ್ಕೆರಡು ದಿನ ಕಳ್ಳಿನ ವಿನೆಗರ್ ತರುತ್ತಿದ್ದ. “ನಾಳೆ ಎರಡು ಬಾಟ್ಲಿ ಜಾಸ್ತಿ ತರ್ತೀಯಾ ಪೊರೊಯಣ್ಣಾ?” ಅಂದರೆ “ಹೂಂ ಅಮ್ಮಾ” ಅನ್ನುತ್ತಿದ್ದ, ತರುತ್ತಿರಲಿಲ್ಲ. ಇವಳೂ ಕಾಯುತ್ತಿರಲಿಲ್ಲ, ಹುಬ್ಬು ನೋಡಿರುತ್ತಿದ್ದಳಲ್ಲ.

ಊರಿನ ಕೌನ್ಸಿಲರ್‌ನ ಬಾವಮೈದುನನ ಪಂದ್ಯದ ಹುಂಜ ಒಂದು ಭಾನುವಾರ ಬೆಳಗ್ಗೆ ಕಾಣೆಯಾಯಿತು. ಆ ಅಂಗಳದ ತೆಂಗಿನ ಮರಗಳನ್ನು ದಿನಾ ಬೆಳಗಾದರೆ ಹತ್ತುವವನು ಪೊರೊಯ್. ಅವನ ಕೊಳವೆಗೆ ಒಂದು ಕೆಂಪು ಪುಕ್ಕ ಅಂಟಿತ್ತು. ಸಾಲದೇ? ಅವನನ್ನು ಕಟಕಟೆಗೆ ತಂದು ನಿಲ್ಲಿಸಿದರು. ಒಪ್ಪಿಕೊಂಡರೆ ಎರಡು ವರ್ಷ ಗ್ಯಾರಂಟಿ ಅಂತ ಕಾರಿಡಾರಿನಲ್ಲೆಲ್ಲ ಮಾತು. ಬಸ್ಯೋನ್ ಅಜ್ಜಿಯನ್ನು ಯಾರೋ ಕೈಹಿಡಿದು ತಂದು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಅವನು ಒಳಗೆ ಹೋದರೆ ಎರಡು ವರ್ಷ ಅವಳ ತಟ್ಟೆಗೆ ಬಡಿಸುವವರು ಯಾರೂ ಇರಲಿಲ್ಲ.

ಪೊರೊಯ್‌ನ ಪರ ನಿಂತ ಹುಡುಗ ವಕೀಲ ಆ ದಿನ ಹನ್ನೊಂದು ಕೇಸು ಹಿಡಿದಿದ್ದ, ಪೊರೊಯ್ ಜತೆ ಹತ್ತು ನಿಮಿಷ ಮಾತಾಡಿದ್ದ. ಎದುರಿಗೆ ಸರಕಾರಿ ವಕೀಲ ರೆಂಡೋನ್, ದೊಡ್ಡ ಗಂಟಲು, ಎಣ್ಣೆ ಹಚ್ಚಿದ ಕ್ರಾಪು. ಮೇಲೆ ಜಡ್ಜ್ ಲುಮಾಪಾಸ್, ಕೆಟ್ಟವರಲ್ಲ, ಆದರೆ ಗಡಿಯಾರ ನೋಡುವ ಚಾಳಿ. ಕೆಳಗೆ ಮಾತನ್ನೆಲ್ಲ ಬರೆದುಕೊಳ್ಳುವ ಸ್ಟೆನೊ ಲುಮಿನ್.

“ಭಾನುವಾರ ಬೆಳಗ್ಗೆ ಆ ಅಂಗಳಕ್ಕೆ ಹೋಗಿದ್ದೆ, ಅಲ್ಲವೇ?” ಅಂತ ರೆಂಡೋನ್ ಇಂಗ್ಲಿಷಿನಲ್ಲಿ ಗುಡುಗಿದ. ಪ್ರೊಸಿಂಗಕ್ಕ ಪೊರೊಯ್ ಕಡೆ ತಿರುಗಿ ಬಿಸಾಯದಲ್ಲಿ ಕೇಳಿದಳು.

“ಹೂಂ ಅಮ್ಮಾ” ಅಂದ ಪೊರೊಯ್. ಹುಬ್ಬು ಎದ್ದಿತು. ಹೋಗಿದ್ದ ನಿಜ.

“ಹೌದು” ಅಂತ ಇವಳು ಇಂಗ್ಲಿಷಿನಲ್ಲಿ ಹೇಳಿದಳು.

“ಹುಂಜ ಒಳ್ಳೇ ತಳಿ ಅಂತ ನಿನಗೆ ಗೊತ್ತಿತ್ತು, ಅಲ್ಲವೇ?”

“ಹೂಂ ಅಮ್ಮಾ.” ಹುಬ್ಬು ಅರ್ಧ ಎದ್ದಿತು. ಇವಳು ಹೌದು ಅಂದಳು.

“ಸುತ್ತ ಯಾರೂ ಇರದ ಹೊತ್ತು ನೋಡಿ ಕಟ್ಟಿದ ಹಗ್ಗ ಬಿಚ್ಚಿದೆ, ಅಲ್ಲವೇ?”

ಪೊರೊಯ್ ಟೊಪ್ಪಿಯನ್ನು ಎರಡು ಕೈಯಲ್ಲಿ ಹಿಂಡುತ್ತಿದ್ದ. ಕಣ್ಣು ನೆಲಕ್ಕೆ ಬಿತ್ತು. ಹುಬ್ಬು ಅಲ್ಲಾಡಲಿಲ್ಲ. “ಹೂಂ ಅಮ್ಮಾ” ಅಂದ.

ಪ್ರೊಸಿಂಗಕ್ಕನ ಬಾಯಿ ಅಭ್ಯಾಸಬಲದಿಂದ ತೆರೆಯಿತು, ಅವಳು ಅದನ್ನು ಮುಚ್ಚಿದಳು. ಮುಖ ನೋಡಬಾರದಿತ್ತು, ನೋಡಿಬಿಟ್ಟಿದ್ದಳು. ಲುಮಿನ್ ತಲೆಯೆತ್ತಿದಳು.

“ಉತ್ತರ?” ಅಂದರು ಜಡ್ಜು.

“ಮಹಾಸ್ವಾಮಿ, ಅವನು ಹೂಂ ಅಂದ. ಆದರೆ ಒಪ್ಪಿಕೊಳ್ಳಲಿಲ್ಲ.”

ರೆಂಡೋನ್ ಎದ್ದೇಬಿಟ್ಟ. “ಆಕ್ಷೇಪಣೆ! ದುಭಾಷಿ ಸಾಕ್ಷಿ ಹೇಳೋ ಹಾಗಿಲ್ಲ! ಹೂಂ ಅಂದ ಮೇಲೆ ಹೌದು ಅಂತ ಬರೀಬೇಕು, ಇದರಲ್ಲಿ ವೇದಾಂತ ಏನಿದೆ?”

“ಅವರು ಹೇಳೋದು ಸರಿ,” ಜಡ್ಜು ಕನ್ನಡಕ ತೆಗೆದರು. “ನಿಮ್ಮ ಕೆಲಸ ತರ್ಜುಮೆ. ಹೌದು ಅಂತ ದಾಖಲೆಗೆ ಕೊಡಿ.”

“ದಿಲಿ” ಅಂದಳು ಪ್ರೊಸಿಂಗಕ್ಕ.

ಆ ಮಾತು ಅವಳಿಂದಲೇ ಬಂತೇ ಅಂತ ಅವಳಿಗೇ ನಂಬಿಕೆಯಾಗಲಿಲ್ಲ. ಐವತ್ತೇಳು ವರ್ಷ ಗಂಟಲಲ್ಲೇ ಇತ್ತಲ್ಲ, ಬರುವಾಗ ಜೋರಾಗಿಯೇ ಬಂತು. ಹಿಂದಿನ ಬೆಂಚಿನಲ್ಲಿ ಯಾರೋ “ಯೇಸುವೇ!” ಅಂದರು. ಲುಮಿನ್ ಬೆರಳೆತ್ತಿ ಕೂತು, ರೂಢಿಯ ಹಾಗೆ, “ಇಂಗ್ಲಿಷು, ಅಕ್ಕಾ?” ಅಂತ ಮೆಲ್ಲಗೆ ಕೇಳಿದಳು.

“ಕೊಡೋದಿಲ್ಲ ಅಂತ ಬರಿ,” ಅಂದಳು ಪ್ರೊಸಿಂಗಕ್ಕ.

ಜಡ್ಜಿನ ಕಿವಿ ಕೆಂಪಾಯಿತು. “ನೀವೇನು ಮಾತಾಡ್ತಿದ್ದೀರ ಗೊತ್ತಾ? ನಿಮ್ಮ ಮೇಲೆ ವರದಿ ಬರೀಬೇಕಾಗತ್ತೆ. ಕೆಲಸ ಹೋಗಬಹುದು.”

“ಬರೀರಿ ಮಹಾಸ್ವಾಮಿ. ಮೊದಲು ಇವನ ಮುಖ ನೋಡಿ. ನೀವೂ ಈ ದ್ವೀಪದವರೇ. ನಿಮ್ಮಮ್ಮನೂ ಬಿಸಾಯದಲ್ಲೇ ಬೈದು ಬೆಳೆಸಿರೋದು. ಇವನ ಹುಬ್ಬು ಎದ್ದಿತಾ, ನೀವೇ ಹೇಳಿ.”

ಕೋರ್ಟಿನಲ್ಲಿದ್ದ ಅಷ್ಟೂ ಜನ ಪೊರೊಯ್‌ನ ಹುಬ್ಬು ನೋಡಿದರು. ಅವನಿಗೆ ಎಲ್ಲಿ ಅಡಗಬೇಕೋ ತಿಳಿಯದೆ ಟೊಪ್ಪಿಯನ್ನು ಮುಖಕ್ಕೆ ಹಿಡಿದುಕೊಂಡ. ಜಡ್ಜು ಗಡಿಯಾರ ನೋಡಲಿಲ್ಲ. ತೆಗೆದಿಟ್ಟ ಕನ್ನಡಕ ಮತ್ತೆ ಏರಿಸಿಕೊಂಡು, “ಸರಿ. ವರದಿಯ ಮಾತು ಆಮೇಲೆ. ಹಾಗಾದರೆ ಹೇಗೆ ಕೇಳಬೇಕು?” ಅಂದರು.

“ಅಲ್ಲವೇ, ಅಲ್ಲವೇ ಅಂತ ದೊಡ್ಡವರು ಕೇಳಿದ್ರೆ ನಮ್ಮೋರು ಅಲ್ಲ ಅನ್ನಲ್ಲ ಮಹಾಸ್ವಾಮಿ. ಏನಾಯ್ತು ಅಂತ ಕೇಳಿ.”

ರೆಂಡೋನ್ ಮತ್ತೆ ಬಾಯಿ ತೆರೆದ. ಜಡ್ಜು ಕೈಯಲ್ಲೇ ಕೂರಿಸಿದರು. “ಆ ಭಾನುವಾರ ಬೆಳಗ್ಗೆ ಏನಾಯಿತು ಅಂತ ಕೇಳಿ.” ಇವಳು ಕೇಳಿದಳು.

ಪೊರೊಯ್ ಟೊಪ್ಪಿ ಇಳಿಸಿದ. ನಿಧಾನಕ್ಕೆ ಶುರುವಾದವನು ನಾಲ್ಕು ಮಾತಾಗುವಷ್ಟರಲ್ಲಿ ಬಿಸಿಯಾದ. “ಏನಾಯ್ತು ಅಂದ್ರೆ, ನಾನು ಹೋದಾಗ ಹುಂಜಾನೇ ಇರ್ಲಿಲ್ಲ! ಬರೀ ಹಗ್ಗ ಬಿದ್ದಿತ್ತು. ಎರಡೂ ಕೈಲಿ ಮರ ತಬ್ಕೊಂಡು ಹತ್ತೋನು ನಾನು, ಕೊಕ್ಕಲ್ಲಿ ಕುಕ್ಕೋ ಆ ರಾಕ್ಷಸನ್ನ ಹಲ್ಲಲ್ಲಿ ಕಚ್ಕೊಂಡು ಹೋಗ್ಲಾ? ಮರದ ಮೇಲಿಂದ ನೋಡ್ತೀನಿ, ಕಾವಲಿನವನ ಗುಡಿಸಿಲ ಹಿಂದೆ ಸಾರು ಕುದೀತೈತೆ, ಶುಂಠಿ ವಾಸ್ನೆ ತೆಂಗಿನ ತುದೀಗೇ ಬರ್ತಿತ್ತು. ಪುಕ್ಕ ಅಂಗಳದ ತುಂಬ ಹಾರಾಡ್ತಿತ್ತು. ಶನಿವಾರ ಅಭ್ಯಾಸಕ್ಕೆ ಬಿಟ್ಟಾಗ ಅದರ ಕಾಲು ಮುರೀತು ಅಂತ ಅವನೇ ಅಳ್ತಾ ಹೇಳ್ದ, ಧಣಿ ಕೊಂದೇಬಿಡ್ತಾರೆ ಅಂತ ಬೇಯಿಸ್ಬಿಟ್ಟ. ಅವನನ್ನ ಕೇಳಿ!”

ಹಿಂದಿನ ಬೆಂಚಿನಿಂದ ಬಸ್ಯೋನ್ ಅಜ್ಜಿ, “ಅಯ್ಯೋ ನಿನ್ನ! ಇದನ್ನ ಮೂರು ತಿಂಗಳಿಂದ ಹೊಟ್ಟೇಲಿಟ್ಕೊಂಡಿದ್ದೀಯಾ?” ಅಂತ ಕೂಗಿದಳು. ಕೋರ್ಟು ನಕ್ಕಿತು. ಪ್ರೊಸಿಂಗಕ್ಕ ಪೂರ್ತಿ ಇಂಗ್ಲಿಷಿಗೆ ತಿರುಗಿಸಿದಳು, ಶುಂಠಿಯನ್ನೂ ಬಿಡಲಿಲ್ಲ. ಎದೆ ಹಗುರಾಗಿತ್ತು. ಕೆಲಸ ಹೋದರೆ ಹೋಗಲಿ, ಕೊನೆಗೂ ಒಬ್ಬನನ್ನು ಉಳಿಸಿದೆ ಅನ್ನುವ ಹೆಮ್ಮೆ ಅವಳಿಗೆ ಬಂದಿತ್ತು, ಸುಳ್ಳೇಕೆ.

ಆಗ ಜಡ್ಜು ಇನ್ನೊಂದು ಪ್ರಶ್ನೆ ಕೇಳಿದರು. “ಹಾಗಿದ್ದರೆ ಹಗ್ಗ ಬಿಚ್ಚಿದೆಯಾ ಅಂದಾಗ ಹೂಂ ಅಂದದ್ದು ಯಾಕೆ? ವಕೀಲರಿಗೆ ಹೆದರಿದೆಯಾ?”

ಇವಳು ಕೇಳಿದಳು. ಪೊರೊಯ್ ರೆಂಡೋನ್ ಕಡೆ ನೋಡಿದ, ಈ ಮನುಷ್ಯನನ್ನು ಆಗ ತಾನೇ ಕಂಡವನ ಹಾಗೆ. ಆಮೇಲೆ ಪ್ರೊಸಿಂಗಕ್ಕನ ಕಡೆ ತಿರುಗಿದ.

“ವಕೀಲ್ರು ಏನೋ ಅವರ ಭಾಷೇಲಿ ಕೂಗ್ತಿದ್ರು, ನನಗೆ ತಿಳೀಲಿಲ್ಲ. ಪ್ರಶ್ನೆ ಕೇಳಿದ್ದು ನೀವಲ್ವಾ ಅಮ್ಮಾ? ಓದಿದೋರು, ನಿಮ್ಮ ಬಾಗಿಲಿಗೆ ಬರೋನು ನಾನು. ಇಷ್ಟು ಜನರ ಮುಂದೆ ಅಲ್ಲ ಅಂದು ನಿಮ್ಮ ಮುಖ ಸಣ್ಣದು ಮಾಡಕ್ಕಾಗತ್ತಾ? ಅದಕ್ಕೇ ಹೂಂ ಅಂದೆ.”

ಇದಕ್ಕೆ ತರ್ಜುಮೆ ಬೇಕಿರಲಿಲ್ಲ. ಜಡ್ಜಿಗೆ ತಿಳಿಯಿತು, ರೆಂಡೋನ್‌ಗೆ ತಿಳಿಯಿತು, ಕಿಟಕಿಗೆ ಜೋತುಬಿದ್ದವರಿಗೂ ತಿಳಿಯಿತು. ತಿಳಿಯದೆ ಉಳಿದದ್ದು ಲುಮಿನ್‌ಳ ಮುಂದಿನ ಕಾಗದ ಒಂದೇ. ಅದು ಕಾಯುತ್ತಿತ್ತು.

ಆ ಕುರ್ಚಿಯಲ್ಲಿ ಮೂವತ್ತೊಂದು ವರ್ಷ. ಕಟಕಟೆ ಹತ್ತಿದವರೆಲ್ಲ ವಕೀಲರಿಗೆ, ಜಡ್ಜಿಗೆ, ಖಾಕಿ ಬಟ್ಟೆಗೆ ಹೆದರಿ ಹೂಂ ಅನ್ನುತ್ತಾರೆ ಅಂತ ಅವಳು ತಿಳಿದಿದ್ದಳು. ಅವರಿಗೆ ಕೇಳಿಸಿದ್ದು ಒಂದೇ ದನಿ, ಅದು ತನ್ನದು ಅಂತ ಒಂದು ದಿನವೂ ಹೊಳೆದಿರಲಿಲ್ಲ. ಮೆತ್ತಗೆ, ಮರ್ಯಾದೆಯಿಂದ, ಅಣ್ಣಾ ಅಕ್ಕಾ ತಂಗೀ ಅಂತ ಕೇಳುತ್ತಿದ್ದಳಲ್ಲ. ಕಣ್ಣೀರು ಗಲ್ಲದ ಮೇಲೆ ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಅಕ್ಕಾ, ಇಂಗ್ಲಿಷು” ಅಂದಳು ಲುಮಿನ್.

ಪ್ರೊಸಿಂಗಕ್ಕ ಎದ್ದು ನಿಂತಳು. ಸೇರಿಸದೆ, ಬಿಡದೆ, ನಿಯಮದ ಪ್ರಕಾರ ಸಾಕ್ಷಿಯ ಮಾತಾಗಿಯೇ ಹೇಳಿದಳು. “ಪ್ರಶ್ನೆ ಕೇಳಿದವರು ದುಭಾಷಿ. ಆಕೆಗೆ ಅವಮಾನ ಆಗಬಾರದು ಅಂತ ನಾನು ಹೌದು ಅಂದೆ.” ಮಧ್ಯೆ ಒಂದು ಸಲ ದನಿ ಒಡೆಯಿತು, ಲುಮಿನ್ ಇನ್ನೊಮ್ಮೆ ಹೇಳಿ ಅಂದಳು, ಇನ್ನೊಮ್ಮೆಯೂ ಹೇಳಿದಳು.

ಮುಂದಿನ ತಿಂಗಳು ಪೊರೊಯ್ ಬಿಡುಗಡೆಯಾದ. ಪ್ರೊಸಿಂಗಕ್ಕನ ಮೇಲೆ ವರದಿ ಹೋಯಿತು, ಮೂವತ್ತು ದಿನ ಸಂಬಳವಿಲ್ಲದೆ ಮನೆಯಲ್ಲಿ ಕೂರಿಸಿದರು. ತಿರುಗಿ ಬಂದ ದಿನ ಮೀನು ಮಾರುವ ಒಬ್ಬ ಹೆಂಗಸು ಕಟಕಟೆ ಹತ್ತಿದ್ದಳು. ಪ್ರೊಸಿಂಗಕ್ಕ ಜಡ್ಜಿನ ಅಪ್ಪಣೆ ಕೇಳಿ, ಪ್ರಮಾಣ ಬೋಧಿಸುವುದಕ್ಕೂ ಮೊದಲು ಅವಳ ಕಡೆ ಬಾಗಿದಳು.

“ತಂಗೀ, ಇವು ನನ್ನ ಪ್ರಶ್ನೆಗಳಲ್ಲ. ನೀನು ಅಲ್ಲ ಅಂದ್ರೂ ನನಗೆ ಬೇಜಾರಿಲ್ಲ.”

ಆ ಹೆಂಗಸು ನೆಲ ನೋಡುತ್ತ, “ಹೂಂ ಅಮ್ಮಾ” ಅಂದಳು.

ಹುಬ್ಬು ಏಳಲಿಲ್ಲ. ಪ್ರೊಸಿಂಗಕ್ಕ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಮತ್ತೊಮ್ಮೆ ಮೊದಲಿಂದ ಹೇಳತೊಡಗಿದಳು.